ಗಂಟಲುಗಳ್ಳ ಕಲ್ಲುಗುಂಡಿಗೆ ಬಂದ ಚಳಿಗಾಲ

ಸಿನಿಮಾ ನೋಡುವುದೆಂದರೆ ಮೊದಲು ಕಿಟಕಿಗೆ ಕಂಬಳಿ ಕಟ್ಟುವುದು ಎಂದಿದ್ದ ಕಾಲ ಅದು. ಭಾನುವಾರ ಮಧ್ಯಾಹ್ನ ಊಟ ಮುಗಿದದ್ದೇ ತಡ, ಕಲ್ಲುಗುಂಡಿಯ ನಾವು ಒಂದಷ್ಟು ಮಕ್ಕಳು ರಮ್ಲನ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ನುಗ್ಗುತ್ತಿದ್ದೆವು. ಅವಳ ಅಪ್ಪ ಸೌದಿಯಲ್ಲಿದ್ದರು. ಹಿಂದಿನ ರಜೆಯಲ್ಲಿ ಬಂದವರು ಟಿ.ವಿ.ಯನ್ನೂ ಸಿ.ಡಿ. ಪ್ಲೇಯರನ್ನೂ ತಂದಿಟ್ಟು ಹೋಗಿದ್ದರು. ಆ ಕೋಣೆಗೆ ಅದರದ್ದೇ ಒಂದು ವಾಸನೆ. ಪರದೇಶದ ಸೋಪು, ಅತ್ತರು, ಅಡುಗೆಮನೆಯಲ್ಲಿ ಬೇಯುತ್ತಿರುವ ಪತ್ತಿರ್ ರೊಟ್ಟಿಯ ಅಕ್ಕಿಹಿಟ್ಟಿನ ಬಿಸಿ. ರಮ್ಲನ ಉಮ್ಮ ದೊಡ್ಡ ಜಗ್ಗಿನಲ್ಲಿ ಕಿತ್ತಳೆ ಪುಡಿಯ ಶರಬತ್ತು ಕಲಸಿ ಇಡುತ್ತಿದ್ದರು. ಕುಡಿದ ಮೇಲೆ ನಾಲಿಗೆ ಚಾಚಿ ಯಾರದು ಹೆಚ್ಚು ಹಳದಿ ಎಂದು ನೋಡುವುದು ನಮಗೆ ಸಿನಿಮಾಕ್ಕಿಂತ ಮೊದಲಿನ ಸಿನಿಮಾ.

ಮೊನ್ನೆ ಮಗಳನ್ನು ಕರೆದುಕೊಂಡು ಪುತ್ತೂರಿಗೆ ಹೋಗಿ, ಆಗ ನೋಡಿದ ಒಂದು ಸಿನಿಮಾವನ್ನೇ ಮತ್ತೆ ಹೊಸದಾಗಿ ತೆಗೆದದ್ದನ್ನು ನೋಡಿ ಬಂದೆ. ಬಂದ ಮೇಲಿಂದ ಆ ಚಳಿಗಾಲ ತಲೆಯಿಂದ ಇಳಿಯುತ್ತಿಲ್ಲ.

ರಮ್ಲನದು ಪಕ್ಕದ ಮನೆ. ನನ್ನ ಮನೆಯಲ್ಲಿ ಅರೆಭಾಷೆ, ಅವಳ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ತುಳು. ನಾಲ್ಕನೇ ಕ್ಲಾಸಿನ ಒಂದೇ ಬೆಂಚಿನಲ್ಲಿ ಕೂರುವ ಹುಡುಗಿಯರು ನಾವು. ನನ್ನ ಅಪ್ಪ ಸುಳ್ಯಕ್ಕೆ ಜೀಪು ಓಡಿಸುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಅವಳ ಸೆರಗಿನಲ್ಲಿ ಯಾವಾಗಲೂ ಹೊಗೆಸೊಪ್ಪಿನ ಘಾಟು.

ಸಿ.ಡಿ. ತರುವವರು ರಮ್ಲನ ಉಮ್ಮನ ತಮ್ಮ ಹಮೀದ್ ಮಾಮ. ಸುಳ್ಯದಲ್ಲಿ ಅವರಿಗೆ ಕ್ಯಾಸೆಟ್ಟು, ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿ ಇತ್ತು. ರಮ್ಲ ಕರೆದ ಹಾಗೆ ನಾನೂ ಮಾಮ ಎಂದೇ ಕರೆಯುತ್ತಿದ್ದೆ. ಇಂಗ್ಲಿಷ್ ಸಿನಿಮಾ ಹಾಕಿದರೆ ಅವರೇ ಟಿ.ವಿ. ಪಕ್ಕದಲ್ಲಿ ನಿಂತು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೆ ಇಂಗ್ಲಿಷ್ ಎಷ್ಟು ಬರುತ್ತಿತ್ತೋ ದೇವರಿಗೇ ಗೊತ್ತು. ಆದರೆ ಅವರು ಹೇಳುವಾಗ ಪರದೆಯ ಮೇಲಿನವರು ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾತಾಡಿದ ಹಾಗೆ ಇರುತ್ತಿತ್ತು.

ಆ ಭಾನುವಾರದ ಸಿನಿಮಾದಲ್ಲಿ ಒಬ್ಬ ವೀರ ಇದ್ದ. ಎಷ್ಟು ದೂರದಲ್ಲಿ ಯಾರು ಕೂಗಿದರೂ ಅವನಿಗೆ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಹಾರಿ ಬಂದು ಕಾಪಾಡುತ್ತಾನೆ. ನಾವು ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟೆವು. ಅವನನ್ನು ಸೋಲಿಸಲು ಬಂದವನ ಹೆಸರು ಮಾತ್ರ ಮಾಮ ಇಟ್ಟದ್ದು, ಗಂಟಲುಗಳ್ಳ. ಅವನು ಜನರ ಸ್ವರ ಕದಿಯುತ್ತಾನೆ. ಸ್ವರ ಇಲ್ಲದವರು ಕೂಗುವುದು ಹೇಗೆ? ಕೂಗದಿದ್ದರೆ ಕಿವಿಯಣ್ಣ ಬರುವುದು ಹೇಗೆ?

ಗಂಟಲುಗಳ್ಳನ ಮುಖಕ್ಕೆ ಬಾಯಿ ಇರಲಿಲ್ಲ. ಮೂಗಿನ ಕೆಳಗೆ ನುಣ್ಣಗಿನ ಚರ್ಮ, ಅಷ್ಟೇ. ಅವನು ಬರುವ ಮೊದಲು ‘ಸುಸ್ಸ್’ ಎಂದು ಗಾಳಿ ಬಿಟ್ಟ ಸದ್ದು. ಆಮೇಲೆ ಉದ್ದ ಬೆರಳು ಬಂದು ಕುತ್ತಿಗೆಯನ್ನು ಮೆಲ್ಲಗೆ ಮುಟ್ಟುತ್ತದೆ, ಮುದ್ದು ಮಾಡಿದ ಹಾಗೆ. ಮುಟ್ಟಿಸಿಕೊಂಡವರು ಬಾಯಿ ತೆರೆದರೆ ಗಾಳಿ ಮಾತ್ರ. ಎಲ್ಲಕ್ಕಿಂತ ಹೆದರಿಕೆಯದ್ದು ಬೇರೆ. ಅವನು ಕದ್ದ ಸ್ವರದಲ್ಲೇ ಮಾತಾಡುತ್ತಿದ್ದ. ಒಬ್ಬ ಹುಡುಗಿಯನ್ನು ಅವಳ ಸತ್ತುಹೋದ ಅಜ್ಜಿಯ ಸ್ವರದಲ್ಲಿ ಬಾಗಿಲ ಹೊರಗಿನಿಂದ ಕರೆದ. ಅವಳು ಎದ್ದು ಬಾಗಿಲು ತೆಗೆದಳು.

ಅಲ್ಲಿ ನಾವೆಲ್ಲ ಚೀರಿಕೊಂಡೆವು. ಮಾಮ ಕೈ ಎತ್ತಿ ಹೇಳಿದರು, "ಶ್! ಅವ ಎಂತ ಹೇಳಿದ್ದು ಗೊತ್ತುಂಟಾ? ಸದ್ದು ಮಾಡುವ ಮಕ್ಕಳ ಗಂಟಲು ಮೊದಲು ಅಂತ. ಟಿ.ವಿ.ಯಿಂದ ಹೊರಗೆ ಬರ್ಲಿಕ್ಕೂ ಅವನಿಗೆ ಗೊತ್ತುಂಟು."

ಕೋಣೆ ನಿಶ್ಶಬ್ದವಾಯಿತು. ಕೊನೆಯಲ್ಲಿ ಕಿವಿಯಣ್ಣ ಗೆದ್ದ ಎಂದು ಆಮೇಲೆ ರಮ್ಲ ಹೇಳಿದ್ದು. ನಾನು ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ.

ಕಂಬಳಿ ಬಿಚ್ಚುತ್ತಾ ಮಾಮ ನಕ್ಕರು. "ಇದು ಹೊಸತು ಮಕ್ಕಳೇ, ಇದೆಲ್ಲ ಎಂತ ಇಲ್ಲ. ಇದರ ಹಳೇದು ನನ್ನ ಹತ್ರ ಕ್ಯಾಸೆಟಲ್ಲಿ ಉಂಟು. ಹಳೇ ಗಂಟಲುಗಳ್ಳನ್ನ ನೋಡ್ಬೇಕು ನೀವು! ನಾನು ಸಣ್ಣದಿರುವಾಗ ಅದು ನೋಡಿ ಒಬ್ಬನೇ ಬಚ್ಚಲಿಗೆ ಹೋಗ್ತಿರ್ಲಿಲ್ಲ."

ಇದಕ್ಕಿಂತ ದೊಡ್ಡವನು ಇನ್ನೊಬ್ಬ ಇದ್ದಾನೆ!

ಮಡಿಕೇರಿಗೆ ಹೋಗುವ ಬಸ್ಸುಗಳು ನಮ್ಮ ಮನೆಯ ಎದುರಿನ ತಿರುವಿನಲ್ಲೇ ನಿಲ್ಲುತ್ತಿದ್ದವು. ನಿಂತಾಗ ಬ್ರೇಕಿನ ಗಾಳಿ ‘ಸುಸ್ಸ್’ ಎನ್ನುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಆದರೆ ಆ ಭಾನುವಾರದ ನಂತರ ಪ್ರತಿ ಬಸ್ಸಿಗೂ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಅಪ್ಪ ಹೆಗಲಿಗೆ ಹಾಕುವ ಬೈರಾಸನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು ಮಲಗಿದರೆ ಅಮ್ಮ, "ಚಳಿಯಾ ಮಗ?" ಎಂದು ಇನ್ನೊಂದು ಹೊದಿಕೆ ಹಾಕುತ್ತಿದ್ದಳು. ಶಾಲೆಯಲ್ಲಿ ಎಲ್ಲರಿಗೂ ಗಂಟಲುಗಳ್ಳನ ಆಟ. ಒಬ್ಬ ಬೆನ್ನಿಗೆ ಶಾಲು ಕಟ್ಟಿಕೊಂಡು ಕಿವಿಯಣ್ಣ, ಒಬ್ಬ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕಳ್ಳ, ಉಳಿದವರು ಕೂಗುತ್ತಾ ಓಡುವವರು. ನಾನು ಹೊಟ್ಟೆನೋವು ಎಂದು ಮೆಟ್ಟಿಲಲ್ಲಿ ಕೂತಿರುತ್ತಿದ್ದೆ. ರಮ್ಲ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಬೇಡ ಮಾರಾಯ್ತಿ, ಕೂಗಬೇಡ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ.

ಆ ಶನಿವಾರ ಶಾಲೆಯ ಆಟೋಟ. ನಮ್ಮ ತಂಡದ ಕಬಡ್ಡಿಗೆ ರಮ್ಲ ಬೆಳಗ್ಗಿನಿಂದ ಸಂಜೆಯವರೆಗೆ ಕೂಗಿದಳು. ನಡುನಡುವೆ ಐಸ್‌ಕ್ಯಾಂಡಿ. ಸೋಮವಾರ ಬೆಂಚಿನಲ್ಲಿ ನನ್ನ ಪಕ್ಕ ಕೂತು ಏನೋ ಹೇಳಲು ಬಾಯಿ ತೆರೆದಳು.

ಗಾಳಿ ಮಾತ್ರ ಬಂತು.

ಅವಳು ಗಂಟಲನ್ನು ತೋರಿಸಿ, ಕೈ ಅಲ್ಲಾಡಿಸಿ ನಕ್ಕಳು. ನಾನು ಬೆಂಚಿನ ತುದಿಗೆ ಸರಿದೆ. ಬಂದಿದ್ದಾನೆ. ಕಲ್ಲುಗುಂಡಿಗೆ ಬಂದಿದ್ದಾನೆ, ಮೊದಲು ಹೆಚ್ಚು ಕೂಗುವವಳ ಹತ್ತಿರ ಹೋಗಿದ್ದಾನೆ. ಟೀಚರು ಹಾಜರಿ ಕರೆದಾಗ ನಾನು ಎದ್ದು ನಿಂತೆ, ‘ಹಾಜರ್ ಟೀಚರ್’ ಎನ್ನಲಿಲ್ಲ. ಆಗ ನಿಂತ ಮಾತು ಮನೆಗೆ ಹೋದರೂ ಬರಲಿಲ್ಲ.

ಮೊದಲ ದಿನ ಅಮ್ಮ ಬೈದಳು. ಮರುದಿನ ಮುದ್ದು ಮಾಡಿದಳು. ಆಮೇಲೆ ಕಾಳುಮೆಣಸಿನ ಕಷಾಯ ಕುಡಿಸಿದಳು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ಜೀಪಿನಲ್ಲಿ ಕೂರಿಸಿಕೊಂಡು ಸುಳ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಟಾರ್ಚು ಬಿಟ್ಟು ನೋಡಿ, "ಗಂಟಲು ಚಂದವೇ ಉಂಟಲ್ಲ" ಎಂದರು. ಪುತ್ತೂರಿನ ಡಾಕ್ಟರೂ ಅದನ್ನೇ ಹೇಳಿದರು. ಹೀಗೇ ಇದ್ದರೆ ಮಂಗಳೂರಿಗೆ ಕರೆದುಕೊಂಡು ಹೋಗಿ ತಲೆಯ ಪರೀಕ್ಷೆ ಮಾಡಿಸಿ ಎಂದೂ ಹೇಳಿದರು.

ತಲೆಯ ಪರೀಕ್ಷೆ ಎಂಬ ಮಾತು ಕೇಳಿ ಅಮ್ಮ ಆಸ್ಪತ್ರೆಯ ಬೆಂಚಿನಲ್ಲೇ ಕೂತುಬಿಟ್ಟಳು. ಮನೆಗೆ ಬಂದ ಮೇಲೆ ಬೀಡಿಯ ಮೊರ ಎದುರಿಗಿಟ್ಟುಕೊಂಡು, ಎಲೆಯನ್ನು ಕೈಯಲ್ಲಿ ಹಿಡಿದು, ಕಟ್ಟದೆ ಕೂತಿದ್ದಳು. ಅವಳ ಕಣ್ಣಿನಿಂದ ನೀರು ಹೊಗೆಸೊಪ್ಪಿನ ಮೇಲೆ ಬೀಳುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಹೇಳಿಬಿಡುವ, ಏನಾದರಾಗಲಿ ಎಂದು ಬಾಯಿ ತೆರೆದೆ. ಆಗ ಗೊತ್ತಾಯಿತು, ನಾನು ಮಾತಾಡದೆ ಇದ್ದದ್ದಲ್ಲ ಈಗ, ಮಾತೇ ಬರುತ್ತಿಲ್ಲ. ಯಾರೋ ಒಳಗಿನಿಂದ ಗಂಟಲನ್ನು ಹಿಡಿದ ಹಾಗೆ. ಅಂಥ ಹೆದರಿಕೆಯನ್ನು ನಾನು ಆಮೇಲೆ ಜನ್ಮದಲ್ಲಿ ಕಂಡಿಲ್ಲ, ಹೆರಿಗೆಯ ಟೇಬಲ್ಲಿನ ಮೇಲೂ ಇಲ್ಲ.

ಊರಿನ ಮಾತು ಬೇರೆ. ಯಾವುದೋ ಸತ್ತವರ ಕುಲೆ ಹಿಡಿದಿರಬೇಕು ಎಂದರು ಕೆಲವರು. ಒಂದು ಸಂಜೆ ಮೇಲಿನ ಮನೆಯ ದೊಡ್ಡಮ್ಮ ಬಂದು ಅಮ್ಮನ ಕಿವಿಯ ಹತ್ತಿರ ಬಾಗಿ, "ಭಾನುವಾರ ಭಾನುವಾರ ಆ ಮನೆಯಲ್ಲೇ ಇರ್ತಿತ್ತಲ್ಲ ಇದು? ತಿನ್ಲಿಕ್ಕೆ ಎಂತ ಕೊಟ್ರೋ ಯಾರಿಗೆ ಗೊತ್ತು" ಎಂದರು.

ಅಮ್ಮ ತಲೆ ಎತ್ತಲಿಲ್ಲ. "ಅವರು ಕೊಟ್ಟದ್ದು ತಿಂದೇ ಇವಳು ದೊಡ್ಡದಾದದ್ದು ದೊಡ್ಡಮ್ಮ" ಎಂದಳು. ಆದರೆ ಅವಳ ಸ್ವರ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಈ ನಡುವೆ ರಮ್ಲನ ಸ್ವರ ಬಂದಿತ್ತು. ಅದೇ ದೊಡ್ಡ ಆಪತ್ತಾಯಿತು. ನಾನು ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದೆ. ಹಿಂದಿನಿಂದ ಯಾರೋ, "ಸುಮ" ಎಂದರು. ದಪ್ಪನೆಯ, ಒಡಕು ಸ್ವರ. ತಿರುಗಿದರೆ ರಮ್ಲ. ಮುಖ ರಮ್ಲನದು, ಸ್ವರ ಅವಳದಲ್ಲ. ನಾನು ಬಿದ್ದೆನೋ ಎದ್ದೆನೋ ಎಂದು ಓಡಿ ಬಚ್ಚಲೊಳಗೆ ಸೇರಿ ಚಿಲಕ ಹಾಕಿಕೊಂಡೆ.

"ಸುಮ, ಬಾಗಿಲು ತೆಗಿ" ಎಂದಿತು ಆ ಸ್ವರ.

ಸಿನಿಮಾದ ಹುಡುಗಿ ತೆಗೆದದ್ದು ಹೀಗೆಯೇ. ನಾನು ಹಂಡೆಯ ಹಿಂದೆ ಬೂದಿಯಲ್ಲಿ ಮುದುಡಿ ಕೂತೆ.

ಹೊರಗಿನಿಂದ ಬಾಗಿಲು ತಟ್ಟಿದ ಸದ್ದು. ಆಮೇಲೆ ಅಳುವ ಸದ್ದು. "ನನ್ನ ಹತ್ರ ಯಾಕೆ ಬರುದಿಲ್ಲ ನೀನು? ನಾನು ಎಂತ ಮಾಡಿದ್ದೇನೆ?" ಮತ್ತೆ ಮೂಗು ಸೀಟಿದ ಸದ್ದು. ಇದ್ದಕ್ಕಿದ್ದಂತೆ ಅಳು ನಿಂತಿತು. ಬಾಗಿಲಿನ ಸಂದಿಗೆ ಬಾಯಿ ಇಟ್ಟು ಅವಳು ಮೆಲ್ಲಗೆ ಕೇಳಿದಳು, "ನಾನು ಅವ ಅಂತ ಹೆದರಿದ್ದಾ?"

ನಾನು ಹಂಡೆಯ ಹಿಂದಿನಿಂದ ಸಂದಿಯ ಕಡೆ ನೋಡಿದೆ.

"ನಾನು ರಮ್ಲನೇ ಮಾರಾಯ್ತಿ! ಐಸ್‌ಕ್ಯಾಂಡಿ ತಿಂದು ಗಂಟಲು ಕಟ್ಟಿದ್ದು. ನೋಡು, ನೀನು ಕಳೆದ ವರ್ಷ ಕ್ಲಾಸಲ್ಲಿ ಉಚ್ಚೆ ಹೊಯ್ದಾಗ ನಾನು ನೀರಿನ ಬಾಟ್ಲಿ ಮಗುಚಿ ಹಾಕಿದ್ದಲ್ವಾ? ಅದು ಗಂಟಲುಗಳ್ಳನಿಗೆ ಹೇಗೆ ಗೊತ್ತಾಗುದು? ಯಾರಿಗೂ ಗೊತ್ತಿಲ್ಲ ಅದು."

ಅದು ಸತ್ಯ. ಆ ವಿಷಯ ಅಮ್ಮನಿಗೂ ಗೊತ್ತಿರಲಿಲ್ಲ. ನಾನು ಚಿಲಕ ತೆಗೆದೆ. ಬೂದಿ ಮೆತ್ತಿದ ನನ್ನನ್ನು ಅವಳು ತಬ್ಬಿಕೊಂಡಳು. ಅವಳ ತಲೆಯಿಂದ ತೆಂಗಿನೆಣ್ಣೆಯ ಪರಿಚಯದ ವಾಸನೆ ಬಂತು. ಆದರೂ ನನಗೆ ಮಾತು ಬರಲಿಲ್ಲ.

ಭಾನುವಾರ ಅವಳೇ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. ಅಮ್ಮ ಬಾಗಿಲಲ್ಲಿ ನಿಂತು ಒಂದು ಕ್ಷಣ ಯೋಚಿಸಿ, "ಹೋಗು" ಎಂದಳು. ಒಳಗೆ ಹಮೀದ್ ಮಾಮ ಹಳೆಯ ವಿ.ಸಿ.ಆರ್. ಬಿಚ್ಚಿಟ್ಟುಕೊಂಡು ಸ್ಪಿರಿಟ್ಟು ಅದ್ದಿದ ಹತ್ತಿಯಲ್ಲಿ ಒರೆಸುತ್ತಿದ್ದರು. ಅವರನ್ನು ಕರೆಸಿದ್ದು ರಮ್ಲ. ನನ್ನನ್ನು ಅವರ ಎದುರು ನಿಲ್ಲಿಸಿ ಹೇಳಿದಳು, "ಮಾಮ, ಇವಳಿಗೆ ಕುಲೆ ಎಲ್ಲ ಇಲ್ಲ. ಗಂಟಲುಗಳ್ಳನ ಹೆದರಿಕೆ. ಸದ್ದು ಮಾಡುವ ಮಕ್ಕಳ ಗಂಟಲು ಮೊದಲು ಅಂತ ಹೇಳಿದ್ರಲ್ವಾ ನೀವು?"

ಮಾಮನ ಕೈಯಲ್ಲಿದ್ದ ಹತ್ತಿ ಹಾಗೇ ನಿಂತಿತು.

"ಅದಾ? ಅದು ಸಿನಿಮಾದಲ್ಲಿ ಇಲ್ಲವೇ ಇಲ್ಲ! ನೀವು ಗಲಾಟೆ ಮಾಡ್ತಿದ್ರಿ, ಸುಮ್ಮನೆ ಕೂತ್ಕೊಳ್ಳಲಿ ಅಂತ ನಾನು ಸೇರಿಸಿದ್ದು." ಅವರು ನನ್ನನ್ನೇ ನೋಡಿದರು. ಯಾವಾಗಲೂ ನಗುವ ಮುಖ ಬೆಳ್ಳಗಾಗಿತ್ತು. "ಅಷ್ಟಕ್ಕೆ ಹೀಗಾದದ್ದಾ? ಯಾ ಅಲ್ಲಾ... ನಾನು ನಿನ್ನ ಅಪ್ಪನಿಗೆ ಎಂತ ಹೇಳುದು ಇನ್ನು?"

ಸುಳ್ಳು ಎಂದು ಗೊತ್ತಾದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ. ತಲೆಗೆ ಗೊತ್ತಾದದ್ದು ಗಂಟಲಿಗೆ ಗೊತ್ತಾಗಬೇಕಲ್ಲ! ಮಾಮ ಹಳೇ ಸಿನಿಮಾದ ಕ್ಯಾಸೆಟ್ಟನ್ನು ಒಳಗೆ ತಳ್ಳುವಾಗ ನಾನು ಬಾಗಿಲಿನ ಕಡೆ ನೋಡಿದೆ. ಹೊಸಬನೇ ಇಷ್ಟು ಭಯಂಕರ, ಇನ್ನು ಹಳಬ ಹೇಗಿರಬಹುದು? ರಮ್ಲ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ಹಿಡಿದಳು. ಕಿಟಕಿಗೆ ಕಂಬಳಿ ಕಟ್ಟಬೇಡಿ ಎಂದು ಅವಳೇ ಹೇಳಿದಳು.

ಪರದೆಯ ತುಂಬ ಗೆರೆ. ಬಣ್ಣ ಹಾರಿ ಎಲ್ಲರೂ ಕಾಮಾಲೆ ಬಂದವರ ಹಾಗೆ ಕಾಣುತ್ತಿದ್ದರು. ಹಳೆಯ ಕಿವಿಯಣ್ಣನಿಗೆ ಹೊಟ್ಟೆ ಇತ್ತು. ಅವನು ಹಾರುವಾಗ ಬೆನ್ನಿನಿಂದ ಮೇಲಕ್ಕೆ ಹೋದ ತಂತಿ ಬಿಸಿಲಿಗೆ ಹೊಳೆಯುತ್ತಿತ್ತು. ಆಮೇಲೆ ಗಂಟಲುಗಳ್ಳ ಬಂದ. ನಾನು ಬೆರಳ ಸಂದಿನಿಂದ ನೋಡಿದೆ. ತಲೆಗೆ ತಗಡಿನ ಬಾಲ್ದಿಯಂಥದ್ದು ಕವುಚಿಕೊಂಡಿದ್ದ. ಮೂಗಿನ ಕೆಳಗೆ ದೊಡ್ಡ ಮೀಸೆ. ಕೈಯಲ್ಲಿ ಒಂದು ಆಲಿಕೆ, ನಮ್ಮ ಅಂಗಡಿಯವರು ಚಿಮಿಣಿ ಎಣ್ಣೆ ಹೊಯ್ಯುತ್ತಿದ್ದಂಥದ್ದು. ಅದನ್ನು ಒಬ್ಬ ಮುದುಕಿಯ ಬಾಯಿಗೆ ಹಿಡಿದು ಸ್ವರ ಕದಿಯಲು ಬಗ್ಗಿದ. ಜೋರಾಗಿ ಅಟ್ಟಹಾಸ ಮಾಡಿದ. ಮಾಡಿದ ರಭಸಕ್ಕೆ ಮೀಸೆಯ ಒಂದು ಕಡೆ ಬಿಟ್ಟುಕೊಂಡು ಗಾಳಿಗೆ ಆಡತೊಡಗಿತು. ಅವನಿಗೆ ಗೊತ್ತೇ ಆಗಲಿಲ್ಲ, ನಗುತ್ತಲೇ ಇದ್ದ.

"ಮೀಸೆ ಬಿತ್ತು!"

ಯಾರು ಹೇಳಿದ್ದೆಂದು ನಾನು ಸುತ್ತ ನೋಡಿದೆ. ರಮ್ಲ ನನ್ನನ್ನು ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅವಳ ಉಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದರು. "ಅವನ ಮೀಸೆ ಬಿತ್ತು" ಎಂದೆ ಮತ್ತೊಮ್ಮೆ, ನೋಡುವ ಎಂದು. ಸ್ವರ ತುಕ್ಕು ಹಿಡಿದ ಹಾಗಿತ್ತು, ಆದರೆ ನನ್ನದೇ. ರಮ್ಲ ಹೊಟ್ಟೆ ಹಿಡಿದುಕೊಂಡು ಉರುಳಿದಳು. ನಾನು ನಕ್ಕೆ, ನಗುತ್ತಾ ನಗುತ್ತಾ ಅತ್ತೆ. ಉಮ್ಮ ಬಂದು ನನ್ನ ಮುಖವನ್ನು ತಮ್ಮ ಎದೆಗೆ ಒತ್ತಿಕೊಂಡು ಬ್ಯಾರಿಯಲ್ಲಿ ಏನೋ ಪಿಸುಗುಟ್ಟಿದರು.

ಮಾಮ ಮಾತ್ರ ನಗಲಿಲ್ಲ. ಪರದೆಯನ್ನೇ ನೋಡುತ್ತಾ, "ನಮಗೆ ಆಗ ಮೀಸೆ ಬಿದ್ದದ್ದು ಕಂಡದ್ದೇ ಇಲ್ಲ" ಎಂದರು.

ಮತ್ತೆ ಟಿ.ವಿ. ಆರಿಸಿ ಎದ್ದರು. ಅಂಗಿ ಸರಿ ಮಾಡಿಕೊಂಡು ನನ್ನ ಕೈ ಹಿಡಿದು ಹೊರಟರು. "ಇವತ್ತೇ ಹೇಳ್ಬೇಕಾ? ನಾಳೆ ಹೇಳಿದ್ರೆ ಆಗುದಿಲ್ವಾ?" ಎಂದರು ಉಮ್ಮ. ಮೇಲಿನ ಮನೆಯ ದೊಡ್ಡಮ್ಮನ ಮಾತು ಅವರ ಕಿವಿಗೂ ಬಿದ್ದಿರಬೇಕು. ಮಾಮ ಆಗುದಿಲ್ಲ ಎಂದು ತಲೆ ಅಲ್ಲಾಡಿಸಿದರು.

ಅಪ್ಪ ಅಂಗಳದಲ್ಲಿ ಜೀಪಿನ ಬಾನೆಟ್ಟು ಎತ್ತಿ ನಿಂತಿದ್ದರು. ಮಾಮ ಎದುರು ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದರು. "ಗೌಡ್ರೆ, ನನ್ನಿಂದ ಆದದ್ದು ಇದು. ಮಕ್ಕಳು ಸುಮ್ಮನಿರ್ಲಿ ಅಂತ ಬಾಯಿಗೆ ಬಂದ ಸುಳ್ಳು ಹೇಳಿದೆ. ನೀವು ಎಂತ ಬೇಕಾದ್ರೂ ಹೇಳಿ, ಎರಡು ಪೆಟ್ಟು ಹಾಕುದಾದ್ರೂ ಹಾಕಿ. ಅಕ್ಕನ ಮನೆಯವರದ್ದು ಇದರಲ್ಲಿ ಎಂತದೂ ಇಲ್ಲ."

ಅಪ್ಪನ ಕೈಯಲ್ಲಿ ಸ್ಪ್ಯಾನರ್ ಇತ್ತು. ಅವರು ಅದನ್ನು ಕೆಳಗಿಡಲಿಲ್ಲ. ಗಂಟಲುಗಳ್ಳನಿಗೆ ಹೆದರಿದ್ದಕ್ಕಿಂತ ಹೆಚ್ಚು ಆ ಗಳಿಗೆಯಲ್ಲಿ ಅಪ್ಪನಿಗೆ ಹೆದರಿದೆ.

"ಅಪ್ಪ" ಎಂದೆ.

ಸ್ಪ್ಯಾನರ್ ನೆಲಕ್ಕೆ ಬಿತ್ತು. ಅಪ್ಪ ಮಂಡಿಯೂರಿ ನನ್ನ ಮುಖ ಹಿಡಿದುಕೊಂಡರು. ಗ್ರೀಸು ನನ್ನ ಕೆನ್ನೆಗೆಲ್ಲ ಮೆತ್ತಿತು. "ಇನ್ನೊಮ್ಮೆ ಹೇಳ್ ಮಗ" ಎಂದರು. ಒಳಗಿನಿಂದ ಅಮ್ಮ ಓಡಿ ಬಂದಳು. ಇಬ್ಬರೂ ನನ್ನಿಂದ ಏನೇನೋ ಹೇಳಿಸಿದರು, ಮಗ್ಗಿ, ಊರಿನ ಹೆಸರು, ಪದ್ಯ. ಎಷ್ಟೋ ಹೊತ್ತಿನ ಮೇಲೆ ಅಪ್ಪನಿಗೆ ಮಾಮ ಇನ್ನೂ ನಿಂತೇ ಇದ್ದಾರೆ ಎಂದು ನೆನಪಾಯಿತು.

"ನಿನ್ನ ಬಾಯಿಗೆ ಒಂದು ಬೀಗ ಹಾಕ್ಬೇಕು ಹಮೀದ್" ಎಂದರು, ಬೈರಾಸಿನಿಂದ ಕಣ್ಣು ಒರೆಸಿಕೊಳ್ಳುತ್ತಾ. "ಕೂತ್ಕೋ. ಚಾ ಕುಡಿದು ಹೋಗು."

ಮಾಮ ಜಗಲಿಯ ತುದಿಯಲ್ಲಿ ಕೂತು ಚಾ ಕುಡಿದರು.

ಹೆದರಿಕೆ ಒಂದೇ ದಿನಕ್ಕೆ ಬಿಟ್ಟುಹೋಗಲಿಲ್ಲ. ಬಸ್ಸಿನ ಸದ್ದಿಗೆ ಕೈ ಕುತ್ತಿಗೆಗೆ ಹೋಗುವುದು ಹೈಸ್ಕೂಲು ಮುಗಿಯುವವರೆಗೂ ಇತ್ತು. ಆದರೆ ಅದರ ನಂತರದ ಭಾನುವಾರ ನಾನು ಮತ್ತೆ ರಮ್ಲನ ಮನೆಯಲ್ಲಿದ್ದೆ.

ಮೊನ್ನೆ ಪುತ್ತೂರಿನಲ್ಲಿ ನೋಡಿದ್ದು ಅದೇ ಕತೆಯ ಮೂರನೇ ಅವತಾರ. ಸದ್ದು ಕುರ್ಚಿಯನ್ನೇ ನಡುಗಿಸುತ್ತಿತ್ತು. ತಂತಿ ಎಲ್ಲಿಯೂ ಕಾಣಲಿಲ್ಲ. ಈಗಿನ ಗಂಟಲುಗಳ್ಳ ಬರೀ ಹೊಗೆ, ಕಂಪ್ಯೂಟರಿನಲ್ಲಿ ಮಾಡಿದ್ದು. ಅವನಿಗೊಂದು ದುಃಖದ ಬಾಲ್ಯವನ್ನೂ ಕೊಟ್ಟಿದ್ದಾರೆ. ಅವನು ಅಳುತ್ತಾನೆ, ಕಿವಿಯಣ್ಣ ಜೋಕು ಹೊಡೆಯುತ್ತಾನೆ. ನಾಲ್ಕನೇ ಕ್ಲಾಸಿನ ನನ್ನ ಮಗಳು ಪಾಪ್‌ಕಾರ್ನ್ ತಿನ್ನುತ್ತಾ ನನ್ನ ಕಡೆ ಬಾಗಿ, "ಅಮ್ಮ, ನೀನು ಇದಕ್ಕೆ ಹೆದರಿದ್ದಾ?" ಎಂದಳು. ಅವಳ ಕಣ್ಣಲ್ಲಿ ಹೆದರಿಕೆಯ ಗುರುತೂ ಇರಲಿಲ್ಲ. ನನಗೆ ಸಮಾಧಾನವೂ ಆಯಿತು, ಏನೋ ಕಡಿಮೆಯಾದಂತೆಯೂ ಅನಿಸಿತು.

ಮನೆಗೆ ಬಂದು ಶಾರ್ಜಾದಲ್ಲಿರುವ ರಮ್ಲನಿಗೆ ಫೋನು ಮಾಡಿದೆ. ಅವಳೂ ಮಗನ ಜತೆ ನೋಡಿದ್ದಳಂತೆ.

"ಹೇಗುಂಟು?" ಎಂದೆ.

"ಚಂದ ಉಂಟು. ಆದ್ರೆ ಹಳೇದರ ಹತ್ರ ಬರುದಿಲ್ಲ."

"ಯಾವ ಹಳೇದು? ಹೆದರಿಸಿದ್ದಾ, ಮೀಸೆ ಬಿದ್ದದ್ದಾ?"

ಇಬ್ಬರೂ ನಕ್ಕೆವು. ಹಮೀದ್ ಮಾಮ ಈಗಿಲ್ಲ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ. ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿದು ಯಾವಾಗಲೋ ಸುಟ್ಟರಂತೆ. ಕಲ್ಲುಗುಂಡಿಯಲ್ಲಿ ನಮ್ಮ ಮನೆ ಉಂಟು, ಅವರದ್ದು ಮಾರಿ ಹೋಗಿದೆ. ನನ್ನ ಮಗಳ ಕ್ಲಾಸಿನಲ್ಲಿ ಬ್ಯಾರಿ ಹುಡುಗಿಯರಿದ್ದಾರೆ. ಅವರ ಮನೆ ಎಲ್ಲಿ ಎಂದು ಅವಳಿಗೆ ಗೊತ್ತಿಲ್ಲ, ನಮ್ಮ ಮನೆಗೆ ಅವರು ಬಂದದ್ದಿಲ್ಲ. ಯಾರೂ ಬೇಡ ಎಂದದ್ದಲ್ಲ, ಹೋಗು ಎಂದದ್ದೂ ಇಲ್ಲ. ಮಕ್ಕಳು ಈಗ ಸಿನಿಮಾಕ್ಕೆ ಹೆದರುವುದಿಲ್ಲ. ಹೆದರುವವರು ನಾವು, ಫೋನಿನಲ್ಲಿ ಬರುವ ಒಂದೊಂದು ವಿಡಿಯೋಕ್ಕೂ, ಅದರ ಕೆಳಗೆ ಪರಿಚಯದವರೇ ಬರೆಯುವ ಮಾತಿಗೂ. ಇವತ್ತು ಒಂದು ಮಗು ಹೀಗೆ ಮಾತು ನಿಲ್ಲಿಸಿದರೆ, ಆ ಮನೆಯಲ್ಲಿ ತಿನ್ನಲಿಕ್ಕೆ ಎಂತ ಕೊಟ್ಟರೋ ಎಂಬ ಮಾತು ಸಂಜೆಯೊಳಗೆ ಎಲ್ಲಿಯವರೆಗೆ ಮುಟ್ಟುತ್ತಿತ್ತೋ!

ಅದನ್ನೇ ರಮ್ಲನಲ್ಲಿ ಕೇಳಿದೆ. "ಈಗ ಆಗಿದ್ರೆ ಮಾಮ ಹಾಗೆ ನಮ್ಮ ಮನೆಗೆ ಬಂದು ಹೇಳ್ತಿದ್ರಾ?"

"ಮಾಮ ಬರ್ತಿದ್ರು" ಎಂದಳು. "ನಾವು ಮನೆಯವರೇ ಹೋಗ್ಲಿಕ್ಕೆ ಬಿಡ್ತಿರ್ಲಿಲ್ಲ."